ಗಾಳಿ ಮನೆಗೆ ಟ್ಯೂಬ್‌ಲೈಟು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ದೆವ್ವದಿಂದಲೋ, ಟಿಕೆಟ್ ಕೌಂಟರಿನಿಂದಲೋ, ಅತ್ತೆಯಿಂದಲೋ?

ಮೊದಲ ಸಲ ಹೀಗೆ ಶುರು ಮಾಡಿದ್ದೆ: "ಅಮಾವಾಸ್ಯೆಯ ಕಗ್ಗತ್ತಲು. ಎಲ್ಲೋ ದೂರದಲ್ಲಿ ನಾಯಿಯೊಂದು ಊಳಿಡುತ್ತಿತ್ತು. ಭಾರತಿಯ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು."

ಭಾರತಿ ಈ ಕಥೆಯ ನಾಯಕಿ. ನಾನು ಬರೆಯುವಾಗ ಬೆನ್ನ ಹಿಂದೆ ನಿಂತು ಓದುವ ಚಟ ಆಕೆಗೆ. ಮೂರೂ ಸಾಲು ಓದಿ, ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು: "ನಾವು ಹೋಗಿದ್ದು ಹಗಲು ಹನ್ನೊಂದಕ್ಕರಿ ಸರ್, ರಣರಣ ಬಿಸಿಲಾಗ. ನಾಯಿ ಇತ್ತು ಖರೆ. ಐಸ್‌ಕ್ರೀಮ್ ಗಾಡಿ ಕೆಳಗ ಮಲಗಿತ್ತು."

ಅಮಾವಾಸ್ಯೆ ಹೋಯಿತು, ಬಿಸಿಲು ಬಂತು. (ನಮ್ಮ ಯಾದಗಿರಿ ಕಡೆ ಬಿಸಿಲನ್ನು ಯಾರೂ ಕರೆಯಬೇಕಾಗಿಲ್ಲ. ಅಕ್ಟೋಬರಿನಲ್ಲೂ ಕರೆಯದೇ ಬಂದು ಪಡಸಾಲೆಯಲ್ಲಿ ಕೂರುವ ಬೀಗರ ಹಾಗೆ ಅದು.)

ಎರಡನೆಯ ಸಲ "ಹ್ಯಾಲೋವೀನ್ ಎಂಬುದು ಪಾಶ್ಚಾತ್ಯ ದೇಶಗಳಲ್ಲಿ ಆಚರಿಸಲ್ಪಡುವ ಒಂದು..." ಎಂದು ಬರೆಯುತ್ತಾ ಬರೆಯುತ್ತಾ ನನಗೇ ಆಕಳಿಕೆ ಬಂತು. ಮೂರನೆಯ ಸಲ ಬರೆದದ್ದನ್ನು ಹರಿದು ಹಾಕಿದ್ದಕ್ಕೆ ಕಾರಣ ಬೇರೆ. ಅದನ್ನು ಮುಂದೆ ಹೇಳುತ್ತೇನೆ, ನಾಚಿಕೆ ಬಿಟ್ಟು.

ಇದು ನಾಲ್ಕನೆಯದು. ನಡೆದದ್ದನ್ನು ನಡೆದ ಹಾಗೆ ಹೇಳುವುದೆಂದು ಭಾರತಿಗೂ ನನಗೂ ಕರಾರಾಗಿದೆ.

೨

ಭಾರತಿಗೆ ಮೂವತ್ತೊಂದು ವರ್ಷ. ಸುರಪುರದ ರಂಗಂಪೇಟೆಯಲ್ಲಿ ಮನೆ. ಮನೆಯಲ್ಲೇ ಮಷಿನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಾಳೆ. ಗಂಡ ಬಸವಂತ್ರಾಯ ಕೃಷ್ಣಾ ಹೊಳೆಯ ಮೀನು ತಂದು ಸುರಪುರದ ಮಾರ್ಕೆಟ್ಟಿನಲ್ಲಿ ಮಾರುತ್ತಾನೆ. ಮಾತು ಕಡಿಮೆ, ತೂಕ ಸರಿ ಎಂದು ಹೆಸರು ಅವನಿಗೆ. ಅವನ ತಾಯಿ ಹಣಮಂತಮ್ಮನಿಗೆ ಅರವತ್ತು ದಾಟಿದೆ, ಮಾತಿಗೆ ಮಾತ್ರ ಇನ್ನೂ ಇಪ್ಪತ್ತು. ಮಗಳು ಅಂಕಿತಾ ಶಾಲೆಯಲ್ಲಿ ಮೂರನೆಯ ಇಯತ್ತೆ. ಹೊಸದಾಗಿ ಓದು ಹತ್ತಿದ್ದರಿಂದ ಅಂಗಡಿಯ ಬೋರ್ಡು, ಗುಟ್ಕಾ ಚೀಟಿ, ಬಸ್ಸಿನ ಹಿಂದಿನ ಹಾಡು, ಒಂದನ್ನೂ ಬಿಡದೆ ಜೋರಾಗಿ ಓದುತ್ತಾಳೆ. (ಈ ಚಟವೇ ಮುಂದೆ ಎಲ್ಲರನ್ನೂ ಪೇಚಿಗೆ ಹಾಕುತ್ತದೆ.)

ಶಹಾಪುರದಿಂದ ಸುರಪುರಕ್ಕೆ ಬರುವ ರಸ್ತೆಯಲ್ಲಿ 'ಮಸ್ತ್ ಮಜಾ ಪಾರ್ಕ್' ಇದೆ. ನೀವು ಹುಡುಕಿಕೊಂಡು ಹೋಗಬೇಡಿ. ನಾಲ್ಕು ಎಕರೆ ಹತ್ತಿ ಕಿತ್ತು ನಾನೇ ಕಟ್ಟಿದ್ದು ಅದು, ಈ ಕಥೆಗಾಗಿ. ಒಂದು ತಿರುಗುವ ತೊಟ್ಟಿಲು, ಒಂದು ಜಾರುಬಂಡೆ, ನೀರಿಲ್ಲದ ಒಂದು ನೀರಾಟದ ಕೊಳ. ಅದರ ಮ್ಯಾನೇಜರ್ ಹಿಂದಿನ ವರ್ಷ ಹೈದರಾಬಾದಿಗೆ ಹೋದಾಗ ಅಲ್ಲಿ ಹ್ಯಾಲೋವೀನಿಗೆ ಜನ ದೆವ್ವದ ಮನೆ ಹೊಗಲು ಸಾಲು ನಿಂತದ್ದನ್ನು ನೋಡಿ ಬಂದು, ಈ ಸಲ ದಸರಾ ರಜೆಯಿಂದ ಹಿಡಿದು ತಿಂಗಳ ಕೊನೆಯವರೆಗೆ ಮೂರು ಭೂತ ಬಂಗಲೆ ಹಾಕಿಸಿದ. ಬ್ಯಾನರ್ ಮಾಡುವವನಿಗೆ ಹೆಸರನ್ನು ಫೋನಿನಲ್ಲಿ ಹೇಳಿದ್ದಕ್ಕೆ ಗೇಟಿನ ಮೇಲೆ ಕೆಂಪಕ್ಷರದಲ್ಲಿ 'ಹಲೋ ವೀಣಾ ಹಬ್ಬ' ಎಂದು ಬಂತು.

ರಜೆಯ ಕೊನೆಯ ಸೋಮವಾರ. ಸೋಮವಾರ ಮೀನಿಗೆ ಗಿರಾಕಿ ಕಡಿಮೆ. ಅಂಕಿತಾ ಎಂಟು ದಿನದಿಂದ ಅನ್ನ ಬಿಡುವ ಬೆದರಿಕೆ ಹಾಕಿದ್ದಳು. ನಾಲ್ವರೂ ಹೊರಟರು.

ಗೇಟಿನಲ್ಲಿ ಮೊಮ್ಮಗಳು ಬ್ಯಾನರ್ ಓದಿದ್ದೇ ಹಣಮಂತಮ್ಮ ನಿಂತುಬಿಟ್ಟಳು. ಈ ವೀಣಾ ಯಾರಕಿ ಎಂದು ಮಗನನ್ನು ಕೇಳಿದಳು. ಮಾಲೀಕನ ಮಗಳಿರಬೇಕು ಎಂದ ಬಸವಂತ್ರಾಯ. ಹೆತ್ತವರು ಮಗಳ ಹೆಸರಲ್ಲಿ ಹಬ್ಬ ಮಾಡುತ್ತಾರೆಂದರೆ ಒಳ್ಳೆಯವರೇ ಎಂದು ಹಣಮಂತಮ್ಮ ಕಾಣದ ವೀಣಾಳಿಗೆ ಆಶೀರ್ವಾದ ಮಾಡಿ ಒಳಗೆ ಬಂದಳು. ದಾರಿಯ ಎರಡೂ ಕಡೆ ಕಣ್ಣು, ಹಲ್ಲು ಕೊರೆದ ಕೆಂಪು ಕುಂಬಳಕಾಯಿ ಜೋಡಿಸಿದ್ದರು. ಅವು ಆಕೆಗೆ ಹೊಸದೇನಲ್ಲ. ಹೊಸ ಮನೆಯ ಮುಂದೆ ದೃಷ್ಟಿಗೆಂದು ಕಟ್ಟುವುದೂ ಇಂಥ ಮುಖ ಬರೆದ ಕುಂಬಳಕಾಯಿಯನ್ನೇ ತಾನೆ. ಆದರೆ ಇಷ್ಟೊಂದು ಕೊಳೆಯಲು ಬಿಟ್ಟಿದ್ದಾರಲ್ಲ, ಒಂದು ಮದುವೆಗೆ ಪಲ್ಯ ಆಗುತ್ತಿತ್ತು ಎಂದು ಹೊಟ್ಟೆ ಉರಿದುಕೊಂಡಳು.

ಭಾರತಿ ನಗುತ್ತಿದ್ದಳು. ಆ ಹೊತ್ತಿಗೆ ಆಕೆಗೆ ಯಾವ ಹೆದರಿಕೆಯೂ ಇರಲಿಲ್ಲ.

೩

(ಹಿಂದಿನದನ್ನು ಇಲ್ಲಿ ಹೇಳಲೇಬೇಕು. ಇದನ್ನು ಫ್ಲ್ಯಾಶ್‌ಬ್ಯಾಕ್ ಎನ್ನುತ್ತಾರೆ. ಹಳೆಯ ತಂತ್ರ, ಗೊತ್ತು. ಹೊಸದು ಸಿಕ್ಕರೆ ಕಳಿಸಿಕೊಡಿ.)

ಭಾರತಿಗೆ ಹದಿನೈದು ತುಂಬಿದ ವರ್ಷ, ಹೊಳೆದಂಡೆಯ ತವರೂರಿನ ಶಾಲೆಯಲ್ಲಿ, ಎದ್ದು ನಿಂತು ಪಾಠ ಓದುತ್ತಿರುವಾಗ ಬಿದ್ದಳು. ಕೈಕಾಲು ಸೆಟೆದು ಬಡಿದುಕೊಂಡವು, ಬಾಯಲ್ಲಿ ನೊರೆ ಬಂತು. ಎಚ್ಚರಾದಾಗ ಸುತ್ತ ಊರೇ ನಿಂತಿತ್ತು, ನಾಲಿಗೆ ಕಚ್ಚಿ ರಕ್ತ ಬಂದಿತ್ತು. ಹಿಂದಿನ ವಾರ ತೆಪ್ಪ ಮಗುಚಿ ಒಬ್ಬ ಹೊಳೆಯ ಪಾಲಾಗಿದ್ದ. ಮಟಮಟ ಮಧ್ಯಾಹ್ನ ಒಬ್ಬಳೇ ನೀರಿಗೆ ಹೋಗಿದ್ದಳಲ್ಲ, ಅವನ ಗಾಳಿಯೇ ಬಡಿದಿದೆ ಎಂದು ಊರು ತೀರ್ಮಾನಿಸಿತು.

ಪಕ್ಕದ ಊರಲ್ಲಿ ಗಾಳಿ ಬಿಡಿಸುವವನೊಬ್ಬ ಇದ್ದ. ಮಂಗಳವಾರಕ್ಕೊಮ್ಮೆ ಕರೆಸಿ ಮೆಣಸಿನಕಾಯಿ ಹೊಗೆ ಹಾಕಿದ. ಕೂದಲನ್ನು ಕೈಗೆ ಸುತ್ತಿಕೊಂಡು, ಬೇವಿನ ಕಡ್ಡಿಗಳ ಬರಲಿನಿಂದ ಹೊಡೆಯುತ್ತಾ, ಯಾರು ನೀನು, ಹೆಸರು ಹೇಳು ಎಂದು ಕೇಳಿದ. ಹುಡುಗಿ ಭಾರತಿ ಎಂದಳು. ಅದು ತಪ್ಪು ಉತ್ತರ. ಹೊಡೆತ ಬಿತ್ತು. ಮತ್ತೆ ಕೇಳಿದ, ಮತ್ತೆ ಭಾರತಿ ಎಂದಳು, ಮತ್ತೆ ಹೊಡೆದ. ಮೂರನೆಯ ಮಂಗಳವಾರ ಆಕೆ ಹೊಳೆಯಲ್ಲಿ ಸತ್ತವನ ಹೆಸರು ಹೇಳಿದಳು. ಹೊಡೆತ ನಿಂತಿತು. ಸುತ್ತಲಿನವರು ಕೈ ಮುಗಿದರು.

ಬೆನ್ನಿನ ಬರೆ ತಿಂಗಳಲ್ಲಿ ಮಾಯ್ದವು. ತನ್ನ ಹೆಸರನ್ನು ತಾನೇ ಬಿಟ್ಟುಕೊಟ್ಟೆನಲ್ಲ ಎಂಬುದು ಮಾಯಲಿಲ್ಲ.

ಅಣ್ಣ ಮರಿಲಿಂಗ ಆಗ ಕಬ್ಬಿನ ಕೆಲಸಕ್ಕೆ ಹೋಗಿದ್ದವನು, ಬಂದು ಕೇಳಿ, ಯಾರಿಗೂ ಹೇಳದೆ ತಂಗಿಯನ್ನು ಕಲಬುರಗಿಯ ಬಸ್ಸು ಹತ್ತಿಸಿದ. ಅಲ್ಲಿ ತಲೆಗೆ ವಾಯರ್ ಹಚ್ಚಿ ನೋಡಿದ ಡಾಕ್ಟರಮ್ಮ ಇದು ಗಾಳಿಯಲ್ಲ, ಮಿದುಳಿನ ಕರೆಂಟು ಒಮ್ಮೊಮ್ಮೆ ಏರುಪೇರಾಗುತ್ತದೆ ಅಷ್ಟೇ ಎಂದು ತಿಳಿಸಿ ಹೇಳಿ, ಗುಳಿಗೆ ಬರೆದುಕೊಟ್ಟಳು. ಹೊತ್ತಿಗೆ ಸರಿಯಾಗಿ ನುಂಗಬೇಕು, ಮಿಣುಕು ಮಿಣುಕು ಲೈಟಿನಿಂದ ದೂರ ಇರಬೇಕು. ಮದುವೆಯ ಮಾತು ಬಂದಾಗ ಮರಿಲಿಂಗ ಬಸವಂತ್ರಾಯನಿಗೆ ಎಲ್ಲ ಬಿಚ್ಚಿ ಹೇಳಿದ. ಅವನು ಒಪ್ಪಿದ. ಒಂದೇ ಷರತ್ತು: ತಾಯಿಗೆ ಗೊತ್ತಾಗಬಾರದು.

ಹತ್ತು ವರ್ಷ ಗೊತ್ತಾಗಲಿಲ್ಲ. ಗುಳಿಗೆ ಹೊಲಿಗೆ ಮಷಿನ್ನಿನ ಬಾಬಿನ್ ಡಬ್ಬಿಯಲ್ಲಿತ್ತು. ಕೊನೆಯ ಸಲ ಬಿದ್ದದ್ದು ತವರಿನಲ್ಲಿ; ಅಂಕಿತಾ ಹುಟ್ಟಿದ ಮೇಲಂತೂ ಭಾರತಿ ಒಮ್ಮೆಯೂ ಬಿದ್ದಿಲ್ಲ.

೪

ಮೊದಲನೆಯ ಬಂಗಲೆಯಲ್ಲಿ ಎಲುಬಿನ ಗೂಡುಗಳಿದ್ದವು. ದಾರ ಜಗ್ಗಿದಾಗ ಒಂದು ಗೂಡು ಹಣಮಂತಮ್ಮನ ಹೆಗಲ ಮೇಲೆ ಕೈ ಇಟ್ಟಿತು. ಆಕೆ ಹೆದರಲಿಲ್ಲ. ಮೈಮೇಲೆ ಒಂದು ಅರಿವೆಯಿಲ್ಲದೆ ಹೆಂಗಸರ ನಡುವೆ ನಿಂತಿದ್ದೀಯಲ್ಲ ಎಂದು ಅದಕ್ಕೇ ಬೈದಳು. ಹಿಂದೆ ಬರುತ್ತಿದ್ದ ಕಾಲೇಜು ಹುಡುಗಿಯರು ನಕ್ಕು ನಕ್ಕು ಗೋಡೆ ಹಿಡಿದುಕೊಂಡರು.

ಎರಡನೆಯದು ಹಾಳುಬಾವಿ. ಕತ್ತಲಲ್ಲಿ ಕೆಳಗಿನಿಂದ ಕೈಗಳು ಬಂದು ಕಾಲು ಹಿಡಿಯುತ್ತಿದ್ದವು. ಹೆದರಿದವನು ಬಸವಂತ್ರಾಯ ಒಬ್ಬನೇ. ದಿನಾ ಹೊಳೆಗೆ ಇಳಿಯುವ ಮನುಷ್ಯ, ರಬ್ಬರಿನ ಕೈಗೆ ಹೌಹಾರಿ ಹೆಂಡತಿಯ ರಟ್ಟೆ ಹಿಡಿದ. ಭಾರತಿ ಬಿಡಿಸಿಕೊಳ್ಳಲಿಲ್ಲ.

ಮೂರನೆಯದರ ಮೇಲೆ 'ಗಾಳಿ ಮನೆ' ಎಂದು ಬರೆದಿತ್ತು. ಇದು ಮ್ಯಾನೇಜರನ ಸ್ವಂತ ಐಡಿಯಾ: ವಿದೇಶಿ ದೆವ್ವ ಸಾಕು, ನಮ್ಮವೂ ಇರಲಿ ಎಂದು. ಒಳಗೆ ಒಬ್ಬ ಹೆಂಗಸಿಗೆ ದೆವ್ವ ಬಿಡಿಸುವುದನ್ನು ತೋರಿಸುತ್ತಾರಂತೆ. ಸಾಲಿನಲ್ಲಿ ನಿಂತವರು ಹೇಳಿಕೊಳ್ಳುತ್ತಿದ್ದರು: ಆ ಹೆಣ್ಣುಮಗಳು ಬಿದ್ದು ಒದ್ದಾಡುತ್ತಾಳೆ, ಬಾಯಲ್ಲಿ ನೊರೆ ಸಹ ಬರುತ್ತದೆ, ಭಾರಿ ಮಾಡುತ್ತಾಳೆ.

ಭಾರತಿಯ ನಗು ಎಲ್ಲಿ ನಿಂತಿತು ಎಂದರೆ, ಇಲ್ಲಿ.

೪ (ಹರಿದು ಹಾಕಿದ್ದು)

ಈಗ ಆ ಮೂರನೆಯ ಶುರುವಿನ ಸಂಗತಿ. ಅದರಲ್ಲಿ ನಾನು ಭಾರತಿಯನ್ನು ಸುಮ್ಮನೆ ಒಳಗೆ ಕಳಿಸಿದ್ದೆ. ಮಿಂಚಿನ ಲೈಟು ಹೊಡೆಯುತ್ತದೆ. ಆಕೆ ಬೀಳುತ್ತಾಳೆ. ಜನ ಇದೂ ಆಟವೆಂದು ಚಪ್ಪಾಳೆ ತಟ್ಟುತ್ತಾರೆ. ಆಮೇಲೆ ಅತ್ತೆ ಕಿರುಚುತ್ತಾಳೆ, ಅಂಬ್ಯುಲೆನ್ಸ್ ಬರುತ್ತದೆ, ಆಸ್ಪತ್ರೆಯ ಮಂಚದ ಪಕ್ಕ ಅತ್ತೆಗೆ ಜ್ಞಾನೋದಯ. ಚಪ್ಪಾಳೆಯ ಆ ಸಾಲು ಬರೆದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ. ಪ್ರಶಸ್ತಿ ಬರುವಂಥ ಪುಟ ಅದು ಎಂದು ಈಗಲೂ ಅನ್ನಿಸುತ್ತದೆ.

ಭಾರತಿ ಓದಿದಳು. ಹಾಳೆಗಳನ್ನು ಮಡಚಿ ಮೇಜಿನ ಮೇಲಿಟ್ಟಳು. ಆಮೇಲೆ ಮೆತ್ತಗೆ ಹೇಳಿದಳು: "ಎಂಟು ವರ್ಷ ಆಯ್ತ್ರಿ ನಾ ಬಿದ್ದಿಲ್ಲ. ಒಂದೊಂದು ದಿನ ಎಣಿಸೀನಿ. ನನ್ನ ಕೆಡವಿ ನಿಮ್ಮ ಕಥಿ ಎಬ್ಬಸಬ್ಯಾಡ್ರಿ."

ಕಥೆಗೆ ಒಂದು ಪೆಟ್ಟು ಬೇಕಾಗುತ್ತದೆ, ಓದುವವರು ಕೇಳುತ್ತಾರೆ ಎಂದು ನಾನು ವಾದ ಮಾಡಿದೆ. ಓದುವವರನ್ನು ಕೇಳಿ ನೋಡಿದ್ದೀರಾ ಎಂದಳು. (ಕೇಳಿರಲಿಲ್ಲ. ಈಗ ಕೇಳುತ್ತಿದ್ದೇನೆ. ನೀವೂ ಆಕೆ ಬೀಳಲಿ ಎಂದು ಕಾದಿದ್ದಿರೋ ಏನೋ, ನಿಮಗೇ ಗೊತ್ತು.)

ಹರಿದು ಹಾಕಿದೆ.

೫

ಗಾಳಿ ಮನೆಯ ಬಾಗಿಲಲ್ಲಿ ತೌಫೀಕ್ ನಿಂತಿದ್ದ. ಶಹಾಪುರದ ಕರೆಂಟು ಕೆಲಸದವನು. ಮದುವೆ ಮಂಟಪಗಳಿಗೆ ಲೈಟು ಹಾಕುವ ನಲವತ್ತರ ಗೃಹಸ್ಥ. ಈ ತಿಂಗಳ ಮಟ್ಟಿಗೆ ಕರಿ ನಿಲುವಂಗಿ, ಬಾವಲಿಯ ರೆಕ್ಕೆ ತೊಟ್ಟು ಟಿಕೆಟ್ ಹರಿಯುತ್ತಿದ್ದ. ಅವನ ಪಕ್ಕ ಒಂದು ಬೋರ್ಡು. ಅಂಕಿತಾ ಬಿಡುತ್ತಾಳೆಯೇ? ಬೆರಳಿಟ್ಟು ಓದಿದಳು.

"ಈ ಕೆಳಗಿನವರು ಒಳಗೆ ಹೋಗಬಾರದು. ಒಂದು, ಮೂರ್ಛೆ ರೋಗ ಇದ್ದವರು. ಎರಡು, ಗರ್ಭಿಣಿಯರು. ಮೂರು, ಹೃದಯದ ಕಾಯಿಲೆ ಇದ್ದವರು. ಒಳಗೆ ಮಿಂಚಿನ ಲೈಟು ಇರುತ್ತದೆ."

ಓದಿ ಮುಗಿಸಿ, ಮೂರ್ಛೆ ರೋಗ ಅಂದರೇನು ಎಂದು ಕೇಳಿದಳು. ಅಜ್ಜಿ ಉತ್ತರ ಕೊಟ್ಟಳು. "ಅದು ರೋಗ ಅಲ್ಲವ್ವ, ಗಾಳಿ. ನೀರಾಗ ಸತ್ತವ್ರ ಗಾಳಿ ಹೆಣ್ಮಕ್ಕಳಿಗಿ ಬಡೀತದ. ಓದಿದವ್ರು ಅದಕ್ಕ ರೋಗ ಅಂತಾರ."

ಭಾರತಿ ಗಂಡನ ಮುಖ ನೋಡಿದಳು. ಬಸವಂತ್ರಾಯ ಬೋರ್ಡು ನೋಡಿದ, ನೆಲ ನೋಡಿದ. ಕೊನೆಗೆ, ಆಕೆಗೆ ತಲೆ ನೋಯುತ್ತಿದೆ, ಹೊರಗೆ ಕೂಡಲಿ, ನಾವು ಮೂವರು ಹೋಗಿಬರೋಣ ಎಂದ.

ಹಣಮಂತಮ್ಮ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು. ಬೋರ್ಡಿನ ಕಡೆ ನೋಡಿದಳು. ಮತ್ತೆ ಸೊಸೆಯನ್ನು ನೋಡಿದಳು. ಆಮೇಲೆ ಆ ಮುಖದ ಮೇಲೆ ಬೆಳಕು ಹತ್ತಿದ್ದನ್ನು ಭಾರತಿ ಜನ್ಮದಲ್ಲಿ ಮರೆಯಲಾರಳು. ಹತ್ತಿರ ಬಂದು, ದನಿ ತಗ್ಗಿಸಿ, "ಹೊಟ್ಟಿಲಿ ಇದ್ದೀಯೇನವ್ವ?" ಎಂದು ಕೇಳಿ, ಆಕೆಯ ಗಲ್ಲ ಸವರಿ ನೆಟಿಗೆ ಮುರಿದಳು.

(ಓದುಗರೇ, ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಇಲ್ಲಿ ನಾನೂ ಪೆನ್ನು ಎತ್ತಿ ಹಿಡಿದು ನಿಂತೆ. ಎಂಥ ಸಲೀಸಾದ ದಾರಿ. ಹೂಂ ಅಂದರೆ ಸಾಕು: ಅತ್ತೆ ಖುಷಿ, ಗಂಡ ಪಾರು, ಮಗಳು ಒಳಗೆ. ಮುಂದಿನ ತಿಂಗಳು ಏನೋ ಒಂದು ಹೇಳಿದರಾಯಿತು. ಬಸವಂತ್ರಾಯನ ಕಣ್ಣೂ ಅದನ್ನೇ ಬೇಡುತ್ತಿತ್ತು.)

ಭಾರತಿಗೆ ಅತ್ತೆಯ ಆ ಮುಖ ನೋಡಿಯೇ ಹೂಂ ಎನ್ನಲಾಗಲಿಲ್ಲ. ಇಷ್ಟು ಖುಷಿಯನ್ನು ಸುಳ್ಳಿನ ಮೇಲೆ ನಿಲ್ಲಿಸುವುದು ಹೇಗೆ? ಬೆನ್ನಿನಲ್ಲಿ ಎಲ್ಲೋ ಹಳೆಯ ಬರೆ ಚುರುಗುಟ್ಟಿದಂತಾಯಿತು. ಒಮ್ಮೆ ಸುಳ್ಳು ಹೆಸರು ಹೇಳಿ ಬಚಾವಾದವಳು ಆಕೆ. ಅದರ ರುಚಿ ಗೊತ್ತಿತ್ತು.

"ಹೊಟ್ಟಿಲಿ ಇಲ್ರಿ ಅತ್ತಿ," ಎಂದಳು. "ಆ ಬೋರ್ಡಿನ್ಯಾಗ ಮೊದಲ್ನೇ ಸಾಲು ಅದ ನೋಡ್ರಿ, ಅದು ನಂದು."

ಹಣಮಂತಮ್ಮನಿಗೆ ಓದು ಬಾರದು. ಮೊದಲನೆಯ ಸಾಲು ಇನ್ನೊಮ್ಮೆ ಓದು ಎಂದು ಮೊಮ್ಮಗಳಿಗೆ ಹೇಳಿದಳು. ಅಂಕಿತಾ ಓದಿದಳು. ಈ ಸಲ ಜೋರಾಗಿ ಓದಲಿಲ್ಲ.

ಸಾಲಿನಲ್ಲಿ ನಿಂತವರು ಈ ಕಡೆ ತಿರುಗಿದರು. ಒಬ್ಬ ಹೆಂಗಸು ತನ್ನ ಕೂಸನ್ನು ಹತ್ತಿರ ಎಳೆದುಕೊಂಡಳು. ಭಾರತಿ ಅದನ್ನು ನೋಡಿಯೂ ನೋಡದ ಹಾಗೆ ಇದ್ದು, ಹದಿನೈದನೆಯ ವರ್ಷದಿಂದ ಇದೆ, ಗುಳಿಗೆ ನುಂಗುತ್ತೇನೆ, ಎಂಟು ವರ್ಷದಿಂದ ಬಿದ್ದಿಲ್ಲ, ನಿಮ್ಮ ಮಗನಿಗೆ ಮದುವೆಗೆ ಮೊದಲೇ ಗೊತ್ತು ಎಂದು, ಬ್ಲೌಸಿನ ಅಳತೆ ಹೇಳುವ ದನಿಯಲ್ಲಿ, ಒಂದೊಂದಾಗಿ ಹೇಳಿದಳು. ಕೊನೆಗೆ ಒಂದು ಮಾತು: "ಗಾಳಿ ಅಲ್ರಿ ಅತ್ತಿ. ಬ್ಯಾನಿ."

ಹಣಮಂತಮ್ಮ ಮಗನನ್ನೊಮ್ಮೆ ನೋಡಿದಳು. ಏನೂ ಅನ್ನಲಿಲ್ಲ. ಆಕೆ ಏನೂ ಅನ್ನದೇ ಇದ್ದದ್ದನ್ನು ಬಸವಂತ್ರಾಯ ಹುಟ್ಟಿದಾಗಿನಿಂದ ನೋಡಿರಲಿಲ್ಲ. ಆಕೆ ಹೋಗಿ ಬೇವಿನ ಗಿಡದ ಕೆಳಗಿನ ಸಿಮೆಂಟು ಬೆಂಚಿನ ಮೇಲೆ, ಆ ಕಡೆ ಮುಖ ಮಾಡಿ ಕುಳಿತಳು.

೬

ಇಷ್ಟಾದ ಮೇಲೆ ಮನೆಗೆ ಹೋಗುವುದೇ ಸರಿ ಎಂದು ನನಗನ್ನಿಸಿತ್ತು. ಭಾರತಿಗೆ ಹಾಗನ್ನಿಸಲಿಲ್ಲ. ಆಕೆಗೆ ಒಳಗೆ ಏನೋ ಹಗುರಾಗಿತ್ತು. ತೌಫೀಕನ ಬಳಿ ಹೋಗಿ, ಆ ಮಿಂಚಿನ ಲೈಟು ಬಂದ್ ಮಾಡಲು ಬರುತ್ತದೆಯೇ ಎಂದು ಕೇಳಿದಳು.

ಬರುತ್ತದೆ, ಒಂದೇ ಬಟನ್ ಎಂದ ತೌಫೀಕ್. ಮಿಂಚು ಬಂದ್ ಮಾಡಿ ಟ್ಯೂಬ್‌ಲೈಟ್ ಹಚ್ಚಬಹುದು; ಮುಂಜಾನೆ ಕಸ ಗುಡಿಸುವಾಗ ಹಾಗೇ ಮಾಡುತ್ತಾರೆ. ಮಿಂಚಿನ ವಾಯರನ್ನೇ ಕಿತ್ತಿಡುತ್ತೇನೆ, ತಾನಾಗಿ ಹತ್ತುವ ಭಯ ಬೇಡ ಎಂದೂ ಹೇಳಿದ. ಆಮೇಲೆ ಸಂಕೋಚದಿಂದ ಸೇರಿಸಿದ: "ಆದ್ರ ಬೆಳಕಿನ್ಯಾಗ ಏನ್ ನೋಡ್ತೀರಿ ಅಕ್ಕಾ? ಎಲ್ಲಾ ಥರ್ಮಾಕೋಲ್ ಅದ."

"ಅದನ್ನ ನೋಡಬೇಕಾಗ್ಯದ್ರಿ," ಎಂದಳು ಭಾರತಿ.

ತೌಫೀಕ್ ಸಾಲಿನವರಿಗೆ ಹತ್ತು ನಿಮಿಷ ಕಾಯಿರಿ ಎಂದ. ಒಬ್ಬಿಬ್ಬರು ಗೊಣಗಿದರು. ಅವನು ಬಾವಲಿಯ ರೆಕ್ಕೆ ಮಡಚಿಕೊಂಡು ಒಳಗೆ ಹೋಗಿ ವಾಯರ್ ಕಿತ್ತು ತಂದು ಆಕೆಗೆ ತೋರಿಸಿದ. ತಾಯಿ ಮಗಳು ಕೈ ಹಿಡಿದುಕೊಂಡು ಒಳಗೆ ಹೋದರು. ಬಸವಂತ್ರಾಯ ಹಿಂದಿನಿಂದ ಬಂದ; ಯಾರೂ ಕರೆದಿರಲಿಲ್ಲ.

ಬಿಳಿ ಬೆಳಕಿನಲ್ಲಿ ಗಾಳಿ ಮನೆ ಬಡಪಾಯಿಯಾಗಿತ್ತು. ಕರಿ ಬಣ್ಣ ಬಳಿದ ತಾಡಪತ್ರಿಯ ಗೋಡೆ. ಥರ್ಮಾಕೋಲಿನ ತಲೆಬುರುಡೆ, ಅದರ ಹಿಂದೆ ಇನ್ನೂ ಅಂಟಿದ್ದ ಟಿವಿ ಡಬ್ಬಿಯ ಚೀಟಿ. ಟೇಬಲ್ ಫ್ಯಾನಿಗೆ ಕಟ್ಟಿದ ಸವರಿ ಕೂದಲು. ಪೈಪಿಗೆ ಎಲೆ ಕಟ್ಟಿ ಮಾಡಿದ ಬೇವಿನ ಮರ. ಅದರ ಬುಡದಲ್ಲಿ, ಸೊಂಟಕ್ಕೆ ಹಗ್ಗ ಸುತ್ತಿಕೊಂಡ, ಕೂದಲು ಬಿಟ್ಟ ಹೆಣ್ಣೊಬ್ಬಳು ಚಹಾದಲ್ಲಿ ಬಿಸ್ಕತ್ತು ಅದ್ದುತ್ತಾ ಕುಳಿತಿದ್ದಳು. ಹೆಸರು ಮುಬೀನಾ, ಬಿ.ಎ. ಎರಡನೆಯ ವರ್ಷ. ಪಕ್ಕದಲ್ಲಿ ನಾರಿನ ಗಡ್ಡ ಅಂಟಿಸಿಕೊಂಡ ಮಲ್ಲಣ್ಣ, ಬಿಡಿಸುವವನ ಪಾತ್ರ.

ಜನ ಬಂದದ್ದು ಕಂಡು ಮಲ್ಲಣ್ಣ ಗಡಬಡಿಸಿ ಎದ್ದ. ಬೇವಿನ ಬರಲನ್ನು ಎತ್ತಿಕೊಂಡು, ದಿನಕ್ಕೆ ನಲವತ್ತು ಸಲ ಹೇಳುವ ಮಾತನ್ನು ಅಭ್ಯಾಸಬಲದಿಂದ ಹೇಳಿಬಿಟ್ಟ. "ಯಾರು ನೀನು? ಹೆಸರು ಹೇಳು."

ಅದು ಮುಬೀನಾಗೆ ಹೇಳುವ ಮಾತು. ಆದರೆ ಎದುರಿಗಿದ್ದವಳು ಭಾರತಿ.

"ಭಾರತಿ," ಎಂದಳು.

ಮಲ್ಲಣ್ಣನಿಗೆ ಮುಂದಿನ ಮಾತು ಬಾಯಿಪಾಠವಿತ್ತು. ಅದು ದೆವ್ವಕ್ಕೆ ಹೇಳುವಂಥದ್ದು. ಈ ಹೆಣ್ಣುಮಗಳ ಕಣ್ಣು ನೋಡಿ ಅದು ಬಾಯಿಗೆ ಬರಲಿಲ್ಲ. ಬರಲನ್ನು ಹಿಂದೆ ಸರಿಸಿ, ಗಡ್ಡ ಸರಿಮಾಡಿಕೊಂಡು, "ಹೌದ್ರಿ ಅಕ್ಕಾರ," ಎಂದ. "ಚಹಾ ಕುಡೀತೀರೇನು?"

(ಇಲ್ಲಿ ಒಂದು ದೊಡ್ಡ ಪ್ಯಾರಾ ಬರೆದಿದ್ದೆ. ಹದಿನಾರು ವರ್ಷ, ಹೆಸರು, ಅಸ್ತಿತ್ವ ಎಂದೆಲ್ಲ ಇತ್ತು. ಭಾರತಿ ಅದರ ಮೇಲೆ ಗೆರೆ ಎಳೆದು, ಚಹಾ ಚಲೋ ಇತ್ತು ಎಂದಷ್ಟೇ ಬರೆಯಲು ಹೇಳಿದಳು. ಚಹಾ ಚಲೋ ಇತ್ತು.)

೭

ನೊರೆ ಹೇಗೆ ತರುತ್ತೀ ಎಂದು ಭಾರತಿ ಮುಬೀನಾಳನ್ನು ಕೇಳಿದಳು. ಟೂತ್‌ಪೇಸ್ಟು. ಬಿದ್ದು ಒದ್ದಾಡುವುದನ್ನು ಯಾರು ಕಲಿಸಿದರು? ಮೊಬೈಲಿನಲ್ಲಿ ನೋಡಿ ಕಲಿತದ್ದು. ಬಿದ್ದ ಮೇಲೆ ಮಲ್ಲಣ್ಣ ಏನು ಮಾಡುತ್ತಾನೆ? ಕೈಗೆ ಕಬ್ಬಿಣ ಕೊಡುತ್ತಾನೆ, ಮೂಗಿಗೆ ಚಪ್ಪಲಿ ಹಿಡಿಯುತ್ತಾನೆ, ಆಮೇಲೆ ಬರಲಿನ ಹೊಡೆತ.

ಭಾರತಿ ಬೈಯಲಿಲ್ಲ. ತನಗೆ ಹೀಗೆ ಆಗುತ್ತಿತ್ತು, ತನಗೂ ಹೀಗೇ ಮಾಡಿದರು ಎಂದಳು. ಮುಬೀನಾಳ ಕೈಯಲ್ಲಿದ್ದ ಬಿಸ್ಕತ್ತು ಚಹಾದಲ್ಲಿ ಕರಗಿ ಬಿತ್ತು. ನನಗೆ ಗೊತ್ತಿರಲಿಲ್ಲ, ಮ್ಯಾನೇಜರ್ ಹೇಳಿದ, ಮಾಡಿದೆ ಎಂದು ಹೇಳುವಾಗ ಆ ಹುಡುಗಿಯ ಕಣ್ಣಿನ ಕಾಡಿಗೆ ಇಳಿಯತೊಡಗಿತು.

ಅಂಕಿತಾ ಎಲ್ಲ ಕೇಳುತ್ತಾ ನಿಂತಿದ್ದಳು. ತಾಯಿಯ ಸೀರೆ ಜಗ್ಗಿ, ಮತ್ತೆ ಹಾಗಾದರೆ ಏನು ಮಾಡಬೇಕು ಎಂದು ಕೇಳಿದಳು.

ಎಂಟು ವರ್ಷದಿಂದ ಭಾರತಿ ಹೆದರಿದ್ದು ಈ ಪ್ರಶ್ನೆಗೇ. ಬಂದ ಮೇಲೆ ನೋಡಿದರೆ, ಉತ್ತರ ಸರಳವಾಗಿಯೇ ಇತ್ತು. ಮುಬೀನಾ ನೀ ಮಲಗವ್ವ ಎಂದಳು. ಮುಬೀನಾ ತಾಡಪತ್ರಿಯ ಮೇಲೆ ಬಿದ್ದಳು. ಭಾರತಿ ಮಗಳ ಕೈ ಹಿಡಿದು ತೋರಿಸಿದಳು. ಕೈಕಾಲು ಅದುಮಿ ಹಿಡಿಯಬೇಡ. ಬಾಯಲ್ಲಿ ಏನೂ ಹಾಕಬೇಡ, ನೀರು ಸಹ. ಬಡಿಯುವ ಸಾಮಾನು ದೂರ ಸರಿಸು. ತಲೆಯ ಕೆಳಗೆ ಮೆತ್ತಗಿನದು ಏನಾದರೂ ಇಡು. ಹೀಗೆ ಮಗ್ಗುಲಿಗೆ ಹೊರಳಿಸು. ಗಡಿಯಾರ ನೋಡು, ಐದು ನಿಮಿಷ ದಾಟಿದರೆ ಒಂದು ಸೊನ್ನೆ ಎಂಟಕ್ಕೆ ಫೋನ್ ಮಾಡು. ನಿಂತ ಮೇಲೆ ಪಕ್ಕದಲ್ಲಿ ಕೂತು, ಹೆದರಬೇಡ, ನಾ ಇಲ್ಲೇ ಇದ್ದೇನೆ ಎನ್ನು.

ಅಂಕಿತಾ ತನ್ನ ಪುಟ್ಟ ಕೈಗಳಿಂದ, ಹಲ್ಲು ಕಚ್ಚಿ, ದೆವ್ವ ಹಿಡಿದ ಹೆಣ್ಣನ್ನು ಮಗ್ಗುಲಿಗೆ ಹೊರಳಿಸಿದಳು. ಬಾಗಿಲಲ್ಲಿದ್ದ ತೌಫೀಕ್ ಕಳಚಿಕೊಟ್ಟ ನಿಲುವಂಗಿಯನ್ನು ಮಡಚಿ ತಲೆಯ ಕೆಳಗೆ ಇಟ್ಟಳು. ಬಸವಂತ್ರಾಯ ಮೊಣಕಾಲೂರಿ ಕುಳಿತು ಮಗಳು ಮಾಡಿದ್ದನ್ನು ನೋಡಿದ. ಆಮೇಲೆ, ನಾನೂ ಒಮ್ಮೆ ಮಾಡುತ್ತೇನೆ ಎಂದ. ಹತ್ತು ವರ್ಷ ಗುಳಿಗೆ ತಂದುಕೊಟ್ಟಿದ್ದ ಅವನಿಗೆ ಇದು ಗೊತ್ತಿರಲಿಲ್ಲ. ಕೇಳಲು ಹೆದರಿದ್ದ.

ಅವರು ಹೊರಗೆ ಬಂದ ಮೇಲೆ ಮುಂದಿನ ಗುಂಪು ಒಳಗೆ ಹೋಯಿತು. ತಾಡಪತ್ರಿಯ ಆಚೆಯಿಂದ ಎಲ್ಲ ಕೇಳಿಸುತ್ತಿತ್ತು. ಯಾರು ನೀನು, ಹೆಸರು ಹೇಳು ಎಂದ ಮಲ್ಲಣ್ಣ. "ಮುಬೀನಾ. ಶಹಾಪುರ. ಏನೀಗ?" ಎಂದಿತು ದೆವ್ವ. ಅದರ ಹಿಂದೆ ಬರಲನ್ನು ಕಸಿದ ಸದ್ದು, ಮಲ್ಲಣ್ಣ ಓಡಿದ ಸದ್ದು, ಗುಂಪು ಬಿದ್ದು ಬಿದ್ದು ನಗುವ ಸದ್ದು. ಮ್ಯಾನೇಜರ್ ಏನಂದನೋ ನನಗೆ ಗೊತ್ತಿಲ್ಲ. ಅವನಿಗೆ ಈ ಕಥೆಯಲ್ಲಿ ಇಷ್ಟೇ ಜಾಗ.

೮

ಇನ್ನು ಹಣಮಂತಮ್ಮ. ಓದುಗರು ಆಕೆಯನ್ನೇ ಕಾಯುತ್ತಿದ್ದೀರಿ ಎಂದು ಗೊತ್ತು.

ನಾನು ಮೂರು ಮುಕ್ತಾಯ ತಯಾರು ಮಾಡಿಕೊಂಡಿದ್ದೆ.

ಅ) ಅತ್ತೆ ಎದ್ದು ಬಂದು ಸೊಸೆಯನ್ನು ಅಪ್ಪಿಕೊಂಡು ಅಳುತ್ತಾಳೆ. ಭಾರತಿ ಒಪ್ಪಲಿಲ್ಲ. ನಮ್ಮತ್ತೆ ಹೆತ್ತ ಮಗನನ್ನೇ ಅಪ್ಪಿಕೊಂಡವಳಲ್ಲ, ಸುಳ್ಳು ಬರೆಯಬೇಡಿ ಎಂದಳು.

ಆ) ಅತ್ತೆ ಸೊಸೆಯನ್ನು ತವರಿಗೆ ಕಳಿಸುತ್ತಾಳೆ. ಇದಕ್ಕೆ ಅಡ್ಡ ಬಂದವನು ಬಸವಂತ್ರಾಯ. ಇಡೀ ಕಥೆಯಲ್ಲಿ ನನ್ನ ಜೊತೆ ಒಂದು ಮಾತೂ ಆಡದವನು ಎದ್ದು ನಿಂತು ಹೇಳಿದ: "ಮುಚ್ಚಿಟ್ಟವ ನಾ. ಹೋಗೂದಿದ್ರ ಇಬ್ರೂ ಹೋಗ್ತೀವಿ. ಹಿಂಗಂತ ಅವ್ವಗ ಈಗ ಹೇಳಿ ಬಂದೀನಿ." ಖರೆ, ಹೇಳಿ ಬಂದಿದ್ದ. ಬೆಂಚಿನ ಮುಂದೆ ನಿಂತು, ತಲೆ ತಗ್ಗಿಸಿ.

ಇ) ಇಪ್ಪತ್ತು ವರ್ಷದ ನಂತರ ಅಂಕಿತಾ ಮಿದುಳಿನ ಡಾಕ್ಟರ್ ಆಗಿ ಇದೇ ಊರಿಗೆ ಬರುತ್ತಾಳೆ. ಅಂಕಿತಾ ಮೂಗು ಮುರಿದಳು. ತಾನು ತೌಫೀಕ್ ಅಂಕಲ್ ಹಾಗೆ ಬಟನ್ ಒತ್ತುವವಳಾಗುತ್ತಾಳಂತೆ.

ಮೂರೂ ಬಿದ್ದುಹೋದ ಮೇಲೆ ಕಾಗದ ಮಡಚಿ, ನಾನೇ ಹೋಗಿ ಬೆಂಚಿನ ಈ ತುದಿಗೆ ಕುಳಿತೆ. ಹಣಮಂತಮ್ಮ ನನ್ನ ಕಡೆ ನೋಡಲಿಲ್ಲ. ಬರೆಯುವವರು ನೀವೇನಾ ಎಂದು ಕೇಳಿದಳು. ಹೌದೆಂದೆ. ಮುಂದೆ ಏನೆಂದು ಬರೆಯಲಿ ಎಂದು ಕೇಳಿದೆ.

ಆಕೆ ಸೆರಗಿನ ಅಂಚು ಮಡಚಿದಳು, ಬಿಚ್ಚಿದಳು. "ಅರವತ್ತು ವರ್ಷ ಗಾಳಿ ಅಂತ ನಂಬೀನಿ," ಎಂದಳು. "ಒಂದು ತಾಸಿನ್ಯಾಗ ಬ್ಯಾನಿ ಅಂತ ಹೆಂಗ ನಂಬ್ಲಿ? ಹತ್ತು ವರ್ಷ ನನ್ನ ಮುಂದನೇ ಮುಚ್ಚಿಟ್ಟಾರ, ಅದು ಬ್ಯಾರೆ. ಈಗ ಏನೂ ಬರೀಬ್ಯಾಡ್ರಿ. ನನಗ ಟೈಮ್ ಬೇಕಾಗ್ಯದ."

ಕಥೆಗೆ ಅಷ್ಟು ಟೈಮ್ ಇರುವುದಿಲ್ಲ ಎಂದೆ.

ಅದು ನಿಮ್ಮ ತೊಂದರೆ ಎಂದಳು.

೯

ಸಂಜೆಗೆ ಮುಂಚೆಯೇ ಹೊರಟರು. ಪಾರ್ಕಿನ ಮುಂದೆ ಸುರಪುರದ ಟಂಟಂ ಆಟೊ ನಿಂತಿತ್ತು, ಅರ್ಧ ತುಂಬಿತ್ತು. ಬಸವಂತ್ರಾಯ ಮುಂದೆ ಡ್ರೈವರನ ಪಕ್ಕ ಕುಳಿತ. ಅಂಕಿತಾ ಒಳಗೆ ನುಸುಳಿದಳು. ಭಾರತಿ ಎಂದಿನಂತೆ ತುದಿಗೆ, ಬಾಗಿಲಿಲ್ಲದ ಕಡೆ, ಒಂದು ಕಾಲು ಹೊರಗಿಟ್ಟು ಕೂರಲು ಹೋದಳು.

ಹಣಮಂತಮ್ಮ ಆಕೆಯ ರಟ್ಟೆ ಹಿಡಿದಳು. "ನೀ ನಡುವ ಕೂಡು," ಎಂದಳು. ಮುಖದಲ್ಲಿ ನಗು ಇರಲಿಲ್ಲ, ಸಿಟ್ಟೂ ಇರಲಿಲ್ಲ. ತಾನು ತುದಿಗೆ ಕುಳಿತು, ಮುಂದಿನ ಕಬ್ಬಿಣದ ಸಲಾಕೆಯನ್ನು ಹಿಡಿದು, ತನ್ನ ತೋಳನ್ನು ಸೊಸೆಗೆ ಅಡ್ಡವಾಗಿ ಇಟ್ಟಳು.

ಅದು ಹೆದರಿಕೆಯೋ, ಕಾಳಜಿಯೋ, ಇನ್ನೂ ಹೆಸರಿಡದ ಬೇರೇನೋ? ತೋಳು ಮಾತ್ರ ಅಲ್ಲಿತ್ತು, ಬಳೆಗಳ ಸಮೇತ. ನಾನು ಹತ್ತಿರದಿಂದ ನೋಡಿ ಬರೆಯೋಣವೆಂದು ಓಡಿ ಬಂದು ಆಟೊದ ಹಿಂದಿನ ಪಟ್ಟಿ ಹಿಡಿದೆ.

ಭಾರತಿ ಹೊರಳಿ ನೋಡಿದಳು. "ಜಾಗ ಇಲ್ರಿ ಸರ್," ಎಂದಳು, ನಗುತ್ತಾ. "ಇಲ್ಲಿಂದ ಮುಂದ ನಾವು ನೋಡ್ಕೋತೀವಿ."

ಕೈ ಬಿಟ್ಟೆ. ಟಂಟಂ ಹೊಗೆ ಬಿಟ್ಟು ಸುರಪುರದ ಕಡೆ ತಿರುಗಿತು. ಹಣಮಂತಮ್ಮ ಸೊಸೆಯ ಕಡೆ ಬಾಗಿ ಏನೋ ಕೇಳಿದ್ದು ಕಾಣಿಸಿತು. ಭಾರತಿ ಕೈಯಾಡಿಸಿ ಏನೋ ಹೇಳಲು ಶುರು ಮಾಡಿದಳು. ಉದ್ದದ ಉತ್ತರವೇ ಇರಬೇಕು, ಏಕೆಂದರೆ ಆಟೊ ತಿರುವಿನಲ್ಲಿ ಮರೆಯಾಗುವವರೆಗೂ ಆಕೆ ಹೇಳುತ್ತಲೇ ಇದ್ದಳು, ಅತ್ತೆ ಕೇಳುತ್ತಲೇ ಇದ್ದಳು. ಇಂಜಿನ್ನಿನ ಸದ್ದಿಗೆ ಒಂದು ಅಕ್ಷರವೂ ನನ್ನ ಕಿವಿಗೆ ಬೀಳಲಿಲ್ಲ.